ಒಪ್ಪಿಸುವುದು ಕಷ್ಟ

ಬೀದಿಯವರೆಲ್ಲ ಅವಳನ್ನು ಕತ್ತರಿ ಅತ್ತಿಗೆ ಎನ್ನುತ್ತಿದ್ದರು. ಕತ್ತರಿ ಅವಳ ಕಸುಬಿಗೂ ಸಲ್ಲುತ್ತಿತ್ತು, ನಾಲಿಗೆಗೂ ಸಲ್ಲುತ್ತಿತ್ತು. ಅತ್ತಿಗೆ ಎಂಬುದು ಮೈದುನನ ಬಾಯಿಂದ ಬೀದಿಗೆಲ್ಲ ಹಬ್ಬಿದ್ದು. ನಾಲ್ಕು ಹೊಲಿಗೆ ಯಂತ್ರ, ಮೂವರು ಹೆಂಗಸರು, ಇಸ್ತ್ರಿ ಮೇಜಿನ ಹಿಂದೆ ಹಾಂ ಹೂಂ ಎನ್ನುವುದರಲ್ಲೇ ದಿನ ಕಳೆಯುವ ಗಂಡ. ಇಷ್ಟೇ ಅವಳ ಕಾರ್ಖಾನೆ.

ಆಸ್ಪತ್ರೆಗೆ ಮೇಲುಹಾಸು ಹೊಲಿದುಕೊಡುವ ಕೆಲಸಕ್ಕೆ ಹಿಂದೆ ಎರಡು ಸಲ ಕೈಹಾಕಿದ್ದಳು. ಆಗ ಟೆಂಡರ್ ಪೆಟ್ಟಿಗೆ ಕಚೇರಿಯ ಪಡಸಾಲೆಯಲ್ಲಿತ್ತು. ಅದರ ಎದುರಿನ ಬೆಂಚಿನ ಮೇಲೆ ಗುತ್ತಿಗೆದಾರ ದೊಡ್ಡಣ್ಣನ ಜನ ಕೂತಿರುತ್ತಿದ್ದರು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. "ಯಾಕಮ್ಮಾ ಸುಮ್ನೆ ತೊಂದ್ರೆ?" ಎಂದು ನಗುತ್ತಲೇ ಲಕೋಟೆ ಇಸಿದುಕೊಂಡು, ಟೀ ಕುಡಿಸಿ ಕಳಿಸುತ್ತಿದ್ದರು. ಎರಡು ಲಕೋಟೆಗೆ ಎರಡು ಲೋಟ ಟೀ ಸಿಕ್ಕಿತ್ತು.

ಈ ವರ್ಷ ಪೆಟ್ಟಿಗೆಯನ್ನೇ ಎತ್ತಿಬಿಟ್ಟರು. ಇನ್ನು ಎಲ್ಲ ಕಂಪ್ಯೂಟರಿನಲ್ಲಿ, ತೆರೆಯುವ ಗಳಿಗೆಯವರೆಗೆ ಒಬ್ಬರ ದರ ಇನ್ನೊಬ್ಬರಿಗೆ ಕಾಣದು ಎಂದು ಪ್ರಕಟಣೆ ಬಂತು.

"ಯಾರಿಗೂ ಕಾಣಲ್ವಂತಾ? ಅದನ್ನ ಮಾಡಿದವನಿಗೂ?" ಎಂದು ಅತ್ತಿಗೆ ಕೇಳಿದಳು.

"ಅವನಿಗೂ ಕಾಣಲ್ಲ ಅತ್ತಿಗೆ," ಎಂದ ಮೈದುನ.

"ಬೀಗ ಮಾಡಿದವನಿಗೇ ಬೀಗದಕೈ ಗೊತ್ತಿಲ್ಲ ಅಂತೀಯ. ಚೆನ್ನಾಗಿದೆ ಬಿಡು."

ಆದರೂ ಅರ್ಜಿ ಹಾಕಿದಳು. ಕಂಪ್ಯೂಟರ್ ಅಂಗಡಿಗೆ ಮೈದುನನೇ ಕರೆದುಕೊಂಡು ಹೋದ. ಅವನು ವ್ಯಾನ್ ಓಡಿಸುವವನು. ಎರಡು ವರ್ಷ ದೊಡ್ಡಣ್ಣನ ಸರಕನ್ನೂ ಹೊತ್ತಿದ್ದ. ಅದಕ್ಕೇ ದರ ತುಂಬುವ ಹೊತ್ತಿಗೆ, "ಹೊರಗೆ ಗಾಡಿ ಇದೆಯಾ ನೋಡ್ಕೊಂಡು ಬಾ" ಎಂದು ಅವನನ್ನು ಅಟ್ಟಿ, ಒಂದೇ ಬೆರಳಲ್ಲಿ ಅಂಕಿ ಒತ್ತಿದಳು.

ಹತ್ತು ದಿನದ ಮೇಲೆ ಪರದೆಯ ಮೇಲೆ ಅವಳ ಹೆಸರು ಮೊದಲಿತ್ತು, ದೊಡ್ಡಣ್ಣನದು ಎರಡನೆಯದು. ಎಂಟುನೂರು ಮೇಲುಹಾಸು! ಹೊಲಿಯುವ ಹೆಂಗಸರು ಚಪ್ಪಾಳೆ ತಟ್ಟಿದರು. ಅವಳು ಮಾತ್ರ ತಟ್ಟಲಿಲ್ಲ. ಇಷ್ಟು ಸಲೀಸಾಗಿ ದಾರಿ ಬಿಟ್ಟರೆಂದರೆ ಮುಂದೆಲ್ಲೋ ಗುಂಡಿ ತೋಡಿರಬೇಕು. ಆದೇಶದ ಕಾಗದವನ್ನು ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಮೂರು ಸಲ ಓದಿದಳು.

ಮರುದಿನ ದೊಡ್ಡಣ್ಣನೇ ಬಂದ.

"ನೀನು ನನ್ನ ತಂಗಿ ಇದ್ದ ಹಾಗೆ. ಹೊಲಿಯೋದು ಸುಲಭ ಕಣಮ್ಮ, ಒಪ್ಪಿಸೋದು ಕಷ್ಟ. ಹೆಸರು ನಿಂದೇ ಇರ್ಲಿ, ಕೆಲಸ ನನಗೆ ಬಿಡು."

"ತಂಗಿ ತಟ್ಟೆಗೇ ಕೈಹಾಕೋ ಅಣ್ಣನ್ನ ಇವತ್ತೇ ನೋಡಿದ್ದು," ಎಂದಳು. ಅವನು ನಕ್ಕು ಹೋದ. ಆ ನಗುವೇ ಅವಳನ್ನು ಕೊರೆಯತೊಡಗಿತು.

ತೊಳೆದರೆ ಕುಗ್ಗಬಾರದೆಂದು ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಒಣಗಿಸಿ ಕತ್ತರಿಸಿದಳು. ಪ್ರತಿಯೊಂದನ್ನೂ ತಾನೇ ಅಳೆದಳು. ಆ ದಿನಗಳಲ್ಲೇ ಮೈದುನ ಫೋನು ಬಂದಾಗಲೆಲ್ಲ ಎದ್ದು ಹೊರಗೆ ಹೋಗುವುದನ್ನೂ ಕಂಡಳು. ಒಂದು ದಿನ ಬಾಗಿಲ ಮರೆಗೆ ನಿಂತಳು. "ಆಗಲ್ಲ, ಆಗಲ್ಲ" ಎಂಬುದಷ್ಟೇ ಕೇಳಿಸಿತು. ಏನು ಆಗಲ್ಲ?

ಸರಕು ಸಾಗಿಸುವ ದಿನ ಅವಳೂ ವ್ಯಾನಿನ ಹಿಂಬದಿಗೆ ಹತ್ತಿ ಗಂಟುಗಳ ಮಧ್ಯೆ ಕೂತಳು. "ನನ್ನ ಮೇಲೂ ಅನುಮಾನನಾ?" ಎಂದ ಮೈದುನ.

"ಗಾಳಿ ಚೆನ್ನಾಗಿರುತ್ತೆ ಅಂತ."

ಆಸ್ಪತ್ರೆಯ ಉಗ್ರಾಣದಲ್ಲಿ ಫಿನಾಯಿಲ್ ವಾಸನೆ. ಗುಮಾಸ್ತ ಒಂದು ಮೇಲುಹಾಸು ಹರಡಿ, ಡ್ರಾಯರಿನಿಂದ ಟೇಪು ತೆಗೆದು ಹಿಡಿದ.

"ನಾಲ್ಕು ಬೆರಳು ಕಮ್ಮಿ. ಎಲ್ಲಾ ವಾಪಸ್."

ಅತ್ತಿಗೆ ಥಟ್ಟನೆ ಮೈದುನನ ಕಡೆ ತಿರುಗಿದಳು: ಇವನೇ ಗಂಟು ಬದಲಾಯಿಸಿದನೇ? ಅವನ ಮುಖ ಅವಳದಕ್ಕಿಂತ ಬಿಳಿಚಿತ್ತು. ಆಮೇಲೆ ಟೇಪು ನೋಡಿದಳು. ಬಟ್ಟೆಯ ಟೇಪು, ಅಂಕಿ ಮಾಸಿದೆ, ಅಂಚು ಹಳೆಯ ಲಾಡಿಯಂತೆ ಅಲೆಅಲೆಯಾಗಿದೆ.

"ಸ್ವಾಮಿ, ಇದು ಜಗ್ಗಿದೆ. ಟೇಪು ಉದ್ದ ಆದ್ರೆ ಬಟ್ಟೆ ಗಿಡ್ಡ ಕಾಣುತ್ತೆ."

"ಹದಿನೈದು ವರ್ಷದಿಂದ ಇದರಲ್ಲೇ ಅಳೀತಿರೋದು."

"ಹೌದಾ? ಹಾಗಾದ್ರೆ ಕಪಾಟಿನಲ್ಲಿರೋ ಹಳೇ ಮೇಲುಹಾಸನ್ನೂ ಒಂದು ಅಳೀರಿ, ನೋಡೋಣ."

"ಅದೆಲ್ಲ ಆಗಲ್ಲ."

"ಬೇಡ ಬಿಡಿ. ವಾಪಸ್ ಮಾಡಿದ್ರೆ ಕಾರಣ ಇವತ್ತೇ ಕಂಪ್ಯೂಟರಿಗೆ ಹಾಕ್ಬೇಕು ಅಂತ ಆದೇಶದಲ್ಲಿದೆ. ಹಾಕಿ. ಯಾವ ಟೇಪಲ್ಲಿ ಅಳೆದ್ರಿ ಅಂತಾನೂ ಬರೀರಿ. ಓದೋವರು ಓದ್ಲಿ."

ಗುಮಾಸ್ತನ ಕೈ ಕೀಲಿಮಣೆಯವರೆಗೆ ಹೋಗಿ ಹಿಂದೆ ಬಂತು. ಅವಳ ಗಂಟಲು ಮೊದಲೇ ಗಟ್ಟಿ; ಗಲಾಟೆ ಕೇಳಿ ಹಿರಿಯ ನರ್ಸಮ್ಮ ವಾರ್ಡಿನಿಂದ ಇಳಿದು ಬಂದಳು. ವಿಷಯ ತಿಳಿದದ್ದೇ, "ಹಳೇವುಗಳ ಕಥೆ ನನ್ನ ಕೇಳಿ. ತಲೆ ಕಡೆ ಎಳೆದ್ರೆ ಕಾಲ ಕಡೆ ಬಿಡ್ತವೆ, ಕಾಲ ಕಡೆ ಎಳೆದ್ರೆ ತಲೆ ಕಡೆ!" ಎಂದು, ಮೂಳೆ ವಿಭಾಗದಿಂದ ಉಕ್ಕಿನ ಟೇಪು ತರಿಸಿದಳು. ಹೊಸದು ಸರಿಯಾಗಿ ಬಂತು, ಒಂದು ಬೆರಳು ಹೆಚ್ಚೇ. ಕಪಾಟಿನಿಂದ ದೊಡ್ಡಣ್ಣ ಕೊಟ್ಟಿದ್ದ ಹಳೆಯದನ್ನು ತೆಗೆದು ಹರಡಿದರು. ಒಂದು ಗೇಣು ಕಮ್ಮಿ. ಹದಿನೈದು ವರ್ಷದ ಟೇಪು ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ.

ಗುಮಾಸ್ತ ತಲೆಯೆತ್ತದೆ 'ಸ್ವೀಕರಿಸಲಾಗಿದೆ' ಎಂದು ದಾಖಲಿಸಿದ. ಅವಳು ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಅದನ್ನು ಓದಿದಳು. ಅವನನ್ನು ತಿಂಗಳೊಳಗೆ ಬೇರೆ ವಿಭಾಗಕ್ಕೆ ಹಾಕಿದರು. ಹಳೆಯ ಸರಕಿನ ಮೇಲೆ ವಿಚಾರಣೆ ಶುರುವಾಯಿತು, ಇನ್ನೂ ನಡೆಯುತ್ತಿದೆಯಂತೆ.

ಅಂದು ವಾಪಸು ಬರುವಾಗ ಮೈದುನ ತಾನಾಗಿಯೇ ಬಾಯಿಬಿಟ್ಟ. "ಆ ಫೋನೆಲ್ಲ ದೊಡ್ಡಣ್ಣಂದು. ದಾರಿಯಲ್ಲಿ ಎರಡು ಗಂಟು ಬದಲಾಯಿಸ್ಕೊಡು ಅಂತಿದ್ದ. ಆಗಲ್ಲ ಅಂದೆ. ನಿಮಗೆ ಹೇಳಿದ್ರೆ ನಂಬ್ತಿರ್ಲಿಲ್ಲ."

ಅದು ನಿಜವೇ. ಅವಳಿಗೆ ಏನಾದರೂ ಮೆತ್ತಗಿನ ಮಾತಾಡಬೇಕೆನಿಸಿತು. ಬಾಯಿಗೆ ಬಂದದ್ದು ಬೇರೆ.

"ಏನು ಕೊಡ್ತೀನಿ ಅಂದಿದ್ದ?"

"ಗಾಡಿಗೆ ಹೊಸ ಟೈರು. ಎರಡು."

"ನಾಲ್ಕು ಚಕ್ರದ ಗಾಡಿಗೆ ಎರಡೇನಾ? ಜುಗ್ಗ!"

ಮೈದುನ ಸ್ಟಿಯರಿಂಗ್ ಬಡಿದು ಬಡಿದು ನಕ್ಕ. ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಮನಸ್ಸಿನಲ್ಲಿ ಒಂದು ಪ್ರಶ್ನೆ ತಲೆಯೆತ್ತಿತು: ನಾಲ್ಕೂ ಕೊಡ್ತೀನಿ ಅಂದಿದ್ದರೆ? ಅವನ ಮುಖವನ್ನೊಮ್ಮೆ ನೋಡಿದಳು. ಕೇಳಲಿಲ್ಲ.