ಚೀಟಿ ಬದಲಾದ ಮಣ್ಣು

ಸೋಮವಾರ ಬೆಳಿಗ್ಗೆ ಸೌಜನ್ಯ ಬಲ್ಮಠದ ಕಾಲೇಜಿಗೆ ಬಂದಾಗ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಕಿಟಕಿಯ ಬಳಿ ಇಟ್ಟು ಅವಳು ಫ್ರಿಜ್ ಖಾಲಿ ಮಾಡಲು ನಿಂತಳು. ಗುಡ್ಡದ ಮಣ್ಣಿನ ವರದಿ ಹೋಗಿ ಹತ್ತು ದಿನವಾಗಿತ್ತು. ಉಳಿದ ಮಣ್ಣನ್ನು ಚೆಲ್ಲಿ ಚೀಲ ತೊಳೆದಿಡುವುದಷ್ಟೇ ಬಾಕಿ.

ಬಂದರಿನ ಮೀನುಗಾರ ಕುಟುಂಬದಲ್ಲಿ ಎಂ.ಎಸ್ಸಿ. ಓದಿದ ಮೊದಲನೆಯವಳು ಅವಳು. ಎರಡು ವರ್ಷದಿಂದ ಡಾ. ಮೋಹನದಾಸರ ಕೈಕೆಳಗೆ ಗುತ್ತಿಗೆಯ ಸಹಾಯಕಿ. ಮುಂದಿನ ವರ್ಷದ ಗುತ್ತಿಗೆಯ ಪತ್ರ ಅವರ ಮೇಜಿನ ಮೇಲೆ ಸಹಿಗಾಗಿ ಕಾಯುತ್ತಿತ್ತು.

ಊರಂಚಿನ ಗುಡ್ಡವೊಂದರಲ್ಲಿ ಕಂಪೆನಿಯೊಂದು ಹತ್ತು ವರ್ಷದ ಹಿಂದೆ ಕಾಡು ನೆಡಿಸಿತ್ತು. ಒಂದು ಬದಿಯಲ್ಲಿ ಬರೀ ಅಕೇಶಿಯಾ. ಇನ್ನೊಂದು ಬದಿಯಲ್ಲಿ ನೇರಳೆ, ರೆಂಜ, ಪುನರ್ಪುಳಿ, ಹೆಬ್ಬಲಸು ಎಲ್ಲ ಬೆರೆತ ತೋಪು. ಮರವೆಂದರೆ ಮಣ್ಣಿನಿಂದ ತೆಗೆದುಕೊಳ್ಳುವುದಷ್ಟೇ ಅಲ್ಲ. ಬೇರಿನಿಂದ ಸಿಹಿರಸ ಒಸರಿಸಿ, ಎಲೆ ಉದುರಿಸಿ, ಕಣ್ಣಿಗೆ ಕಾಣದ ಜೀವಿಗಳನ್ನು ಸಾಕುತ್ತದೆ. ಯಾವ ಮರದ ಕೆಳಗೆ ಆ ಜೀವಿಗಳು ಎಷ್ಟು ಚೆನ್ನಾಗಿ ಉಸಿರಾಡುತ್ತಿವೆ ಎಂದು ಅಳೆಯುವುದು ಲ್ಯಾಬಿನ ಕೆಲಸವಾಗಿತ್ತು. ಮಣ್ಣನ್ನು ಜಾಡಿಯಲ್ಲಿ ಮುಚ್ಚಿಟ್ಟು ಸೌಜನ್ಯಳೇ ಅಳೆದಿದ್ದಳು. ಅಕೇಶಿಯಾದ ಮಣ್ಣು ಗೆದ್ದಿತ್ತು. ಅದನ್ನು ನಂಬಿ ಕಂಪೆನಿ ಬೆರಕೆ ತೋಪನ್ನು ಕಡಿದು ಅಲ್ಲಿಯೂ ಅಕೇಶಿಯಾ ನೆಡಲು ತೀರ್ಮಾನಿಸಿತ್ತು.

'ಅಕೇಶಿಯಾ' ಎಂಬ ಚೀಟಿಯಿದ್ದ ಚೀಲವನ್ನು ಅವಳು ಟ್ರೇಗೆ ಸುರಿದಳು. ಮಣ್ಣಿನ ನಡುವೆ ಪುನರ್ಪುಳಿಯ ಬೀಜವೊಂದು ಕಂಡಿತು. ಬೆರಳಿನಿಂದ ಕೆದಕಿದಳು. ನೇರಳೆಯ ಬೀಜ, ಅರೆ ಕೊಳೆತ ಅಗಲದ ಎಲೆ. ಅಕೇಶಿಯಾದ ಎಲೆ ಒಂದೂ ಇಲ್ಲ. 'ಬೆರಕೆ' ಎಂದು ಬರೆದ ಚೀಲ ಬಿಚ್ಚಿದಳು. ಕುಡುಗೋಲಿನಂತೆ ಬಾಗಿದ ಅಕೇಶಿಯಾದ ಎಲೆಗಳು, ಸುರುಳಿ ಸುತ್ತಿದ ಕಾಯಿಗಳು. ಬದಿಗೆ ಮೂರರಂತೆ ಇದ್ದ ಆರು ಚೀಲಗಳನ್ನೂ ಸುರಿದು ನೋಡಿದಳು. ಆರೂ ಅದಲು ಬದಲಾಗಿದ್ದವು.

ಮಣ್ಣು ತಂದ ದಿನದ ಮಳೆ ನೆನಪಾಯಿತು. ಚೀಟಿಯ ಶಾಯಿ ತೊಳೆದು ಹೋಗಿ, ಜೀಪಿನಲ್ಲಿ ಕೂತು ನೆನಪಿನಿಂದಲೇ ಮತ್ತೆ ಬರೆದವಳು ಅವಳೇ. ಗುಡ್ಡ ಇನ್ನೊಮ್ಮೆ ಹತ್ತಿ ಮಣ್ಣು ತರಬೇಕಿತ್ತು. ಸುಸ್ತಾಗಿತ್ತು, ಹತ್ತಿರಲಿಲ್ಲ.

ಮೋಹನದಾಸರು ಒಳಗೆ ಬರುತ್ತಿದ್ದಂತೆ ಅವಳು ಎಲ್ಲವನ್ನೂ ಹೇಳಿದಳು. ಅವರು ಬ್ಯಾಗನ್ನು ಹೆಗಲಿನಿಂದ ಇಳಿಸದೆ ಕೇಳಿಸಿಕೊಂಡರು.

"ಬೀಜ ಹಕ್ಕಿ ತಂದು ಹಾಕಿರಬಹುದು."

"ಒಂದು ಚೀಲದಲ್ಲಾದ್ರೆ ಹಕ್ಕಿ, ಸರ್. ಮೂರರಲ್ಲೂ ಉಂಟು. ಅಕೇಶಿಯಾದ ಕಾಯಿ ಇರುವುದು ಬೆರಕೆ ಹೇಳಿ ಬರೆದ ಚೀಲದಲ್ಲಿ."

ಅವರು ಬಾಗಿಲು ಮುಚ್ಚಿದರು. "ಬೇರೆ ಯಾರಿಗೆ ಹೇಳಿದ್ದೀ?"

"ಯಾರಿಗೂ ಇಲ್ಲ."

"ಹಾಗಾದ್ರೆ ಸ್ವಲ್ಪ ತಾಳು. ಹನ್ನೆರಡು ವರ್ಷ ಒಬ್ಬನೇ ನಿಂತು ಈ ಲ್ಯಾಬ್ ಕಟ್ಟಿದ್ದು ನಾನು. ಇದೊಂದು ಹೊರಗೆ ಹೋದ್ರೆ ನಾವು ಕೊಟ್ಟ ಎಲ್ಲ ವರದಿಗಳ ಮೇಲೂ ಜನಕ್ಕೆ ಸಂಶಯ. ಅದರಲ್ಲಿ ಸರಿಯಾದದ್ದೇ ಹೆಚ್ಚು ಉಂಟಲ್ಲ? ಮುಂದಿನ ವರ್ಷದ ವರದಿಯಲ್ಲಿ ತಿದ್ದುವ."

"ಮುಂದಿನ ವರ್ಷ ತೋಪು ಎಲ್ಲಿರ್ತದೆ ಸರ್? ಕಡಿಯುವುದು ಇವತ್ತಿನಿಂದ."

"ಕಡಿದ ಜಾಗದಲ್ಲಿ ಅವರು ಮರವನ್ನೇ ನೆಡುವುದಲ್ವಾ ಮಾರಾಯ್ತಿ, ಕಟ್ಟಡ ಅಲ್ಲವಲ್ಲ." ಅವರ ದನಿ ಇಳಿಯಿತು. "ನಿನ್ನ ಗುತ್ತಿಗೆಯ ವಿಷಯವೂ ಉಂಟು. ತಪ್ಪು ನಿನ್ನದು ಹೇಳಿ ಬರೆದ ಮೇಲೆ ನಾನು ಯಾವ ಮುಖದಲ್ಲಿ ಸಹಿ ಹಾಕಲಿ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವರಾಂಡಕ್ಕೆ ಬಂದು ತೋಪಿನ ಕಾವಲುಗಾರ ಅಂಗಾರನಿಗೆ ಫೋನು ಮಾಡಿದಳು. ಆ ಸಸಿಗಳನ್ನು ನೆಟ್ಟು, ಮೊದಲ ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಬದುಕಿಸಿದವನು ಅವನು.

"ಅಂಗಾರಣ್ಣ, ಅಲ್ಲಿ ಎಂತ ಆಗ್ತಾ ಉಂಟು?"

"ಏಳು ಗಂಟೆಗೇ ಮೆಷಿನ್ ಬಂತು ಮೇಡಂ. ಕಡಿಯುವ ಮರಕ್ಕೆ ಕೆಂಪು ಬಣ್ಣ ಹಚ್ಚಲಿಕ್ಕೆ ಹೇಳಿದ್ರು, ಮೊನ್ನೆ ನಾನೇ ಹಚ್ಚಿದ್ದು." ಹಿಂದಿನಿಂದ ಗರಗಸದ ಶಬ್ದ ಕೇಳುತ್ತಿತ್ತು. "ಮಣ್ಣು ಸತ್ತಿದೆಯಂತೆ, ನಿಮ್ಮ ರಿಪೋರ್ಟಿನಲ್ಲಿ ಬಂದಿದೆಯಂತೆ. ಚಪ್ಪಲಿ ತೆಗೆದು ನಡೆದು ನೋಡಿ, ಎಷ್ಟು ಮೆತ್ತಗೆ ಉಂಟು ಅಂದೆ. ನಗಾಡಿದ್ರು. ಓದಿದವರು ಹೇಳಿದ್ದು ಸುಳ್ಳಾಗ್ಲಿಕ್ಕೆ ಉಂಟಾ ಹೇಳಿ ನಾನೂ ಸುಮ್ಮನಾದೆ."

"ಈಗ ನಿಲ್ಲಿಸ್ಲಿಕ್ಕೆ ಆಗ್ತದಾ?"

"ನನ್ನ ಮಾತಿಗೆ ಯಾರು ನಿಲ್ಲಿಸ್ತಾರೆ? ಕಾಗದ ಬೇಕು."

ಫೋನಿನಲ್ಲಿ ಏನೋ ದೊಡ್ಡದು ಮುರಿದು ಬಿದ್ದ ಸದ್ದಾಯಿತು. ಸೌಜನ್ಯ ಫೋನು ಇಟ್ಟಳು.

ಒಳಗೆ ಬಂದು ಅವಳು ಕಂಪ್ಯೂಟರಿನ ಮುಂದೆ ಕೂತಳು. ಕಂಪೆನಿಯ ಅಧಿಕಾರಿಗೆ ನಾಲ್ಕೇ ಸಾಲು ಬರೆದಳು: ಮಾದರಿಗಳ ಚೀಟಿ ಬದಲಾಗಿದೆ. ತಪ್ಪು ನನ್ನದು. ವರದಿಯ ಫಲಿತಾಂಶ ತಲೆಕೆಳಗಾಗಿದೆ. ಹೊಸ ಪರೀಕ್ಷೆ ಮುಗಿಯುವ ತನಕ ಒಂದು ಮರವನ್ನೂ ಕಡಿಯಬೇಡಿ. ಹೆಸರು ಹಾಕಿ ಕಳುಹಿಸಿದಳು.

ತಿರುಗಿ ನೋಡಿದರೆ ಮೋಹನದಾಸರು ಟ್ರೇಗಳ ಮುಂದೆ ನಿಂತಿದ್ದರು. ಅಂಗಿಯ ತೋಳು ಮಡಚಿ, ಒಂದೊಂದೇ ಹಿಡಿ ಮಣ್ಣೆತ್ತಿ ಬೆರಳ ಸಂದಿನಿಂದ ಸುರಿಸುತ್ತಿದ್ದರು.

"ಮೇಲ್ ಹಾಕಿದೆ, ಸರ್," ಅಂದಳು. ಅವರು ಮುಂದಿನ ಟ್ರೇಗೆ ಸರಿದರು.

ಹತ್ತು ನಿಮಿಷ ಕಳೆಯಿತು. ಅವರ ಫೋನು ಮೊಳಗಿತು. ಅಧಿಕಾರಿಯ ದನಿ ಅವಳಿಗೂ ಕೇಳುವಷ್ಟು ಜೋರಾಗಿತ್ತು: ಯಾರು ಈ ಹುಡುಗಿ, ಇವಳ ಮಾತಿಗೆ ಕೆಲಸ ನಿಲ್ಲಿಸಬೇಕಾ, ಜನ ಮೆಷಿನ್ ಎಲ್ಲ ಬಂದಾಗಿದೆ.

ಹುಡುಗಿಗೆ ಸರಿಯಾಗಿ ಗೊತ್ತಿಲ್ಲ ಎಂದು ಅವರು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಕೈಯಲ್ಲಿದ್ದ ಅಕೇಶಿಯಾದ ಸುರುಳಿ ಕಾಯಿಯನ್ನು ನೋಡಿದರು.

"ಅವಳು ಬರೆದದ್ದು ಸರಿ," ಎಂದರು ಕೊನೆಗೆ. "ಈಗ ನಾನೇ ನೋಡಿದೆ. ಕೆಲಸ ನಿಲ್ಲಿಸಿ. ನನ್ನ ಸಹಿಯ ಪತ್ರ ಅರ್ಧ ಗಂಟೆಯೊಳಗೆ ಬರ್ತದೆ."

ಗರಗಸ ನಿಲ್ಲುವಷ್ಟರಲ್ಲಿ ಹನ್ನೊಂದು ಮರ ಉರುಳಿದ್ದವು.

ಮರುದಿನ ಇಬ್ಬರೂ ಹೊಸದಾಗಿ ಮಣ್ಣು ತರಲು ಗುಡ್ಡಕ್ಕೆ ಹೋದರು. ಸೌಜನ್ಯ ನೇರ ಅಂಗಾರನ ಬಳಿ ನಡೆದಳು.

"ಅಂಗಾರಣ್ಣ, ಚೀಟಿ ಬರೆದದ್ದು ನಾನು. ತಪ್ಪು ನನ್ನಿಂದ ಆದದ್ದು."

ಪರವಾಗಿಲ್ಲ ಎಂದು ಅಂಗಾರ ಹೇಳಲಿಲ್ಲ.

"ಮಣ್ಣು ಆಮೇಲೆ ತೆಗೀರಿ. ಮೊದಲು ಇಲ್ಲಿ ಬನ್ನಿ."

ಕಡಿದ ಒಂದೊಂದು ಮರದ ಬುಡದ ಬಳಿಯೂ ನಿಲ್ಲಿಸಿ ಹೇಳಿದ. ಇದು ರೆಂಜ, ಎರಡು ಸಲ ಸತ್ತು ಚಿಗುರಿದ್ದು. ಇದು ಹೆಬ್ಬಲಸು, ಹೋದ ವರ್ಷ ಮೊದಲ ಕಾಯಿ ಬಿಟ್ಟದ್ದು. ಇದು ನೇರಳೆ. ಸೌಜನ್ಯ ಬರೆದುಕೊಳ್ಳುತ್ತಾ ಹೋದಳು. ಮೋಹನದಾಸರು ಹಿಂದೆಯೇ ಬಂದರು, ಬುಡಗಳ ಮೇಲೆ ಗರಗಸ ಉದುರಿಸಿದ ಹಸಿ ಪುಡಿಯನ್ನು ನೋಡುತ್ತಾ.

ಹೊಸ ಪರೀಕ್ಷೆಯಲ್ಲಿ ಬೆರಕೆ ತೋಪಿನ ಮಣ್ಣಿನ ಉಸಿರು ಅಕೇಶಿಯಾದ್ದಕ್ಕಿಂತ ಎರಡು ಪಟ್ಟು ಬಂತು. ಕಂಪೆನಿ ತೋಪನ್ನು ಉಳಿಸಲು ಒಪ್ಪಿತು. ಆದರೆ ಲ್ಯಾಬಿಗೆ ಕೊಡಬೇಕಿದ್ದ ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟಿತು. ಸೌಜನ್ಯಳ ಗುತ್ತಿಗೆಯ ಪತ್ರ ಇನ್ನೂ ಸಹಿಯಿಲ್ಲದೆಯೇ ಇತ್ತು. ಅವಳು ಅದನ್ನು ಕೇಳಲಿಲ್ಲ.

ಹೊಸ ವರದಿಯ ಮೊದಲ ಪುಟದಲ್ಲಿ ಅವಳು ಒಂದು ಪಟ್ಟಿ ಹಾಕಿದ್ದಳು: ನಮ್ಮ ತಪ್ಪಿನಿಂದ ಹೋದ ಮರಗಳು. ಅದರ ಕೆಳಗೆ ಹನ್ನೊಂದು ಹೆಸರು, ನೆಟ್ಟವರು ಅಂಗಾರ ಎಂಬ ಒಂದು ಸಾಲು, ಕೊನೆಗೆ ಅವಳ ಸಹಿ.

ಮೋಹನದಾಸರು ಆ ಪುಟವನ್ನು ಎರಡು ಸಲ ಓದಿದರು. ಪೆನ್ನಿನ ತುದಿ ಪಟ್ಟಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಹೊಡೆದು ಹಾಕುತ್ತಾರೆ ಎಂದುಕೊಂಡಳು ಸೌಜನ್ಯ. ಅವರು ಅವಳ ಸಹಿಯನ್ನು ಬೆರಳಿನಿಂದ ತೋರಿಸಿದರು.

"ನೀನು ಇಷ್ಟು ಕೆಳಗೆ ಸಹಿ ಹಾಕಿದ್ರೆ ನಾನು ಎಲ್ಲಿ ಹಾಕುವುದು?"

ಜಾಗ ಹುಡುಕಿ, ಪುಟದ ಅಂಚಿನಲ್ಲಿ, ಅವಳ ಹೆಸರಿನ ಪಕ್ಕದಲ್ಲೇ ಸಣ್ಣಗೆ ಸಹಿ ಹಾಕಿದರು.