ಹಲಗೆಯ ಹಿಂದಿನ ಪಾಲು

ಸೆಣಬಿನ ನಾರಿಗೆ ಸಫೇದವೆಂಬ ಬಿಳಿ ಅಂಟು ಹಚ್ಚಿ ಪೈಪಿನ ಕೀಲಿಗೆ ಸುತ್ತುವಾಗ ಒಂದು ವಾಸನೆ ಏಳುತ್ತದೆ. ಅಗಸೆ ಎಣ್ಣೆ, ಒದ್ದೆ ಗೋಣಿ, ಕಬ್ಬಿಣ ಎಲ್ಲ ಕೂಡಿದ ವಾಸನೆ. ನನ್ನ ಬಾಲ್ಯ ನೆನಪಾಗುವುದೇ ಅದರಿಂದ. ದೊಡ್ಡಪ್ಪ ಕೃಷ್ಣರಾಜರು ಮದರಾಸಿನ ಪೆರಂಬೂರಿನಲ್ಲಿ ‘ಸುಧಾ ವಿಲಾಸ’ ಹೋಟೆಲು ಕಟ್ಟಿಸುತ್ತಿದ್ದಾಗ ನಾವು ಅದರ ಮಹಡಿಯ ಮೇಲೇ ಇದ್ದೆವು. ಪ್ಲಂಬರು ಕೆಳಗೆ ಕುಳಿತು ಪೈಪು ತಿರುಗಿಸುತ್ತಿದ್ದರೆ ನಾನು ಮೆಟ್ಟಿಲ ಮೇಲೆ ಕುಳಿತು ಮೂಸುತ್ತಿದ್ದೆ. ಆಗ ದೊಡ್ಡಪ್ಪನಿಗೆ ಆ ಪೈಪುಗಳೆಂದರೆ ಎಂಥ ಅಭಿಮಾನ! ಉಡುಪಿ ಕಡೆಯಿಂದ ಯಾರೇ ಬರಲಿ, ಮೊದಲು ಕರೆದೊಯ್ದು ತೋರಿಸುತ್ತಿದ್ದುದು ದೇವರ ಪಟವನ್ನಲ್ಲ, ಪೈಪನ್ನು. "ಕಾಣು, ತಿರುಗಿಸಿದರೆ ನೀರು! ಹಗ್ಗವೂ ಬೇಡ, ಕೊಡಪಾನವೂ ಬೇಡ."

ಅದೇ ದೊಡ್ಡಪ್ಪನಿಗೆ ಅರುವತ್ತರ ದಶಕ ಬರುವ ಹೊತ್ತಿಗೆ ಪೈಪು ಕಂಡರೆ ನಾಚಿಕೆಯಾಗತೊಡಗಿತು.

ಕಾರಣ ಏನೆಂದರೆ, ರೈಲು ಡಬ್ಬಿ ಮಾಡುವ ಕಾರ್ಖಾನೆ ಬೆಳೆದು ದೊಡ್ಡ ದೊಡ್ಡ ಅಧಿಕಾರಿಗಳು ಸಂಸಾರ ಸಮೇತ ಹೋಟೆಲಿಗೆ ಬರತೊಡಗಿದ್ದರು. ಅವರಿಗಾಗಿ ದೊಡ್ಡಪ್ಪ ಒಂದು ಫ್ಯಾಮಿಲಿ ರೂಮು ತೆರೆದರು. ನಾನು ಆಗತಾನೆ ಬಿ.ಎ. ಮುಗಿಸಿದ್ದೆ. ಗಂಡು ಸಿಗುವವರೆಗೆ ಸುಮ್ಮನೆ ಯಾಕೆ ಕೂತಿರಬೇಕೆಂದು ನನ್ನನ್ನು ಆ ಕೋಣೆಯ ಮೇಜಿನ ಹಿಂದೆ ಕೂರಿಸಿದರು. ನನ್ನ ಎದುರಿಗೇ ಹೆಂಗಸರ ಬಾತ್‌ರೂಮಿನ ಬಾಗಿಲು. ಷೇಕ್ಸ್‌ಪಿಯರ್ ಓದಿದ್ದಕ್ಕೆ ನನಗೆ ಸಿಕ್ಕ ನೋಟ ಅದು.

ಆದರೂ ಆ ಬಾಗಿಲಿನಾಚೆ ಭೀಮಾಬಾಯಿ ಇದ್ದಳು ಎಂಬ ಕಾರಣಕ್ಕೆ ನನಗೆ ಬೇಸರವಾಗಲಿಲ್ಲ. ಅವಳು ಹುಬ್ಬಳ್ಳಿಯವಳು. ಗಂಡ ರೈಲ್ವೆ ವರ್ಕ್‌ಶಾಪಿಗೆ ವರ್ಗವಾಗಿ ಬಂದು ಇಲ್ಲೇ ತೀರಿಕೊಂಡಿದ್ದ. ಬಾತ್‌ರೂಮು ತೊಳೆದು ಒರೆಸುವುದು ಅವಳ ಕೆಲಸ. ಕೈಕೂಸನ್ನು ಹೊತ್ತು ಬಂದವರಿಂದ ಕೂಸನ್ನು ಇಸಿದುಕೊಂಡು ನಿಲ್ಲುವುದು, ಸೀರೆಯ ಅಂಚು ಹರಿದವರಿಗೆ ತನ್ನ ಬಳೆಗೆ ಸಿಕ್ಕಿಸಿಕೊಂಡ ಪಿನ್ನು ತೆಗೆದುಕೊಡುವುದು, "ಸಾವಕಾಶ ಬರ್‍ರಿ ಅಕ್ಕಾರ, ನೀರು ಬಿದ್ದೈತಿ" ಎಂದು ಮುದುಕಿಯರ ಮೊಳಕೈ ಹಿಡಿಯುವುದು, ಇವೆಲ್ಲ ಯಾರೂ ಹೇಳದೆ ಮಾಡುತ್ತಿದ್ದ ಕೆಲಸ. ಬಾತ್‌ರೂಮಿನ ಹಿಂಬದಿಯ ಗೋಡೆಯುದ್ದಕ್ಕೂ ಪೈಪುಗಳು ಹಾದಿದ್ದವು. ಗೋಡೆಯ ಕೊನೆಯಲ್ಲಿ, ಎರಡು ಪೈಪುಗಳ ನಡುವೆ, ಹಿತ್ತಲಿಗೆ ತೆರೆಯುವ ಒಂದು ಬಾಗಿಲು. ಅವಳ ಮಣೆ ಇದ್ದದ್ದು ಆ ಬಾಗಿಲ ಬಳಿ.

ನಮ್ಮ ಹೋಟೆಲಿಗೆ ಅಜ್ಜಿಯ ಕಾಲದ ಒಂದು ನೇಮವಿತ್ತು. ಈ ಸೂರಿನ ಕೆಳಗೆ ದುಡಿಯುವ ಕಟ್ಟಕಡೆಯವರ ಊಟವಾಗದೆ ಧಣಿ ಎಲೆಗೆ ಕೈ ಹಾಕಬಾರದು. ಗಿರಾಕಿಗಳ ಗದ್ದಲ ಇಳಿದ ಮೇಲೆ ಅಡುಗೆಯ ಸುಬ್ರಾಯರು ಎಲ್ಲರಿಗೂ ಬಡಿಸುತ್ತಿದ್ದರು. ಮಾಣಿಗಳಿಗೆ ಒಳಗೆ, ರುಬ್ಬುವವರಿಗೆ ಜಗಲಿಯಲ್ಲಿ, ಭೀಮಾಬಾಯಿಗೆ ಹಿತ್ತಲ ಮೆಟ್ಟಿಲಲ್ಲಿ. ಯಾರು ಎಲ್ಲಿ ಕೂರಬೇಕೆಂಬುದರಲ್ಲಿ ನಮ್ಮವರ ಔದಾರ್ಯ ಅಷ್ಟಕ್ಕೇ ನಿಲ್ಲುತ್ತಿತ್ತು, ಇರಲಿ. ಕೊನೆಗೆ ದೊಡ್ಡಪ್ಪ ಎಲೆಯ ಮುಂದೆ ಕೂತು ಕೇಳುವರು: "ಎಲ್ಲರದ್ದೂ ಆಯ್ತಾ?" ಸುಬ್ರಾಯರು ಹಿತ್ತಲಿಗೊಮ್ಮೆ ಇಣುಕಿ "ಆಯ್ತು" ಎನ್ನುವರು. ಈ ಪ್ರಶ್ನೋತ್ತರವನ್ನು ದೊಡ್ಡಪ್ಪ ಗಿರಾಕಿಗಳ ಮುಂದೆ ಎಷ್ಟು ಸಲ ವರ್ಣಿಸಿದ್ದರೆಂದರೆ, ಕೆಲವರು ಊಟಕ್ಕಿಂತ ಹೆಚ್ಚಾಗಿ ಅದನ್ನೇ ಹೊಗಳಿ ಹೋಗುತ್ತಿದ್ದರು.

ಹೀಗಿರಲು ತಿರುಮಲೇಶ ಬಂದ. ಮೈಸೂರು ಕಡೆಯವನು. ತನ್ನನ್ನು ಡೆಕೊರೇಟರ್ ಎಂದು ಕರೆದುಕೊಳ್ಳುತ್ತಿದ್ದ. ಸಿಗರೇಟಿನ ಡಬ್ಬಿಯಿಂದ ಗೋಡೆ ಅಳೆಯುತ್ತಿದ್ದ.

"ಪೈಪು ಅಂದ್ರೆ ಕರುಳು ಸಾರ್. ಯಾರಾದ್ರೂ ಕರುಳು ಹೊರಗೆ ಬಿಟ್ಕೊಂಡು ಓಡಾಡ್ತಾರಾ? ಈ ಕಡೆಯಿಂದ ಆ ಕಡೆಗೆ ಫುಲ್ಲಾ ಪ್ಯಾನೆಲ್ ಹಾಕಿ ಕವರ್ ಮಾಡಿಬಿಡೋಣ. ರೈಲಿನ ಫಸ್ಟ್ ಕ್ಲಾಸ್ ಒಳಗೆ ಇರುತ್ತಲ್ಲ, ಅದೇ ಥರ."

"ಫಸ್ಟ್ ಕ್ಲಾಸಾ!" ಎಂದರು ದೊಡ್ಡಪ್ಪ. ಇಡೀ ದಿನ ರೈಲು ಡಬ್ಬಿಯೊಳಗೇ ಇದ್ದು ಬರುವ ಅಧಿಕಾರಿಗೆ ಬಾತ್‌ರೂಮಿನಲ್ಲೂ ರೈಲು ಡಬ್ಬಿಯೇ ಯಾಕೆ ಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ.

"ಆ ಹಿಂದಿನ ಬಾಗಿಲು?"

"ಅದೂ ಒಳಗೆ ಹೋಗುತ್ತೆ ಸಾರ್. ಆಚೆಯಿಂದ ಪಟ್ಟಿ ಹೊಡೆದುಬಿಡೋಣ. ಡೋರ್ ಬಂದ್ರೆ ಡಿಸೈನ್ ಕೆಟ್ಟುಹೋಗುತ್ತೆ."

"ಮತ್ತೆ ಇವಳು?" ದೊಡ್ಡಪ್ಪ ಭೀಮಾಬಾಯಿಯ ಕಡೆ ಗಲ್ಲ ಎತ್ತಿ ತೋರಿಸಿದರು.

ತಿರುಮಲೇಶ ಅವಳನ್ನೂ ಸಿಗರೇಟಿನ ಡಬ್ಬಿಯಲ್ಲಿ ಅಳೆಯುವನೇನೋ ಎಂಬಂತೆ ನೋಡಿದ. "ಕೊನೇಲಿ ಒಂದು ಪೊರಕೆ ಕಪಾಟು ಬರುತ್ತೆ ಸಾರ್. ಅದರೊಳಗೇ ಸ್ಟೂಲ್ ಹಾಕೋಣ. ಲೇಡೀಸ್ ಬಂದಾಗ ಪೈಪೂ ಕಾಣಬಾರದು, ಪೊರಕೆಯೂ ಕಾಣಬಾರದು, ಇವರೂ ಕಾಣಬಾರದು. ನೀಟು!"

ಹಲಗೆ ಬಂತು. ಪ್ಲೈವುಡ್ಡಿನ ಮೇಲೆ ತಿಳಿಹಸಿರಿನ ಹೊಳೆಯುವ ಹಾಳೆ, ಅದರ ಮೇಲೆ ಅಮೃತಶಿಲೆಯಂತೆ ಕಾಣಲೆಂದು ಅಚ್ಚು ಹಾಕಿದ ಸುಳ್ಳು ಗೆರೆಗಳು. ಕಲ್ಲೂ ಅಲ್ಲ, ಮರವೂ ಅಲ್ಲ. ಗೋಡೆಯೂ ಅಲ್ಲ, ತಟ್ಟಿದರೆ ಖಾಲಿ ಡಬ್ಬದ ಸದ್ದು. ದೊಡ್ಡಪ್ಪ ಅದನ್ನು ದಿನವೂ ತಟ್ಟುತ್ತಿದ್ದರು. ಹೆಂಗಸರ ಬಾತ್‌ರೂಮಿಗೆ ಗಂಡಸು ಅಷ್ಟು ಸಲ ಹೋಗಿ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭೀಮಾಬಾಯಿ ಕಪಾಟು ಸೇರಿದಳು. ಹೋಟೆಲು ತೆರೆಯುವ ಮುಂಚೆ ಬಂದು ಒಳಗೆ ಸೇರಬೇಕು, ಮುಚ್ಚಿದ ಮೇಲೆ ಹೊರಬರಬೇಕು. ನಡುವೆ ಫ್ಯಾಮಿಲಿ ರೂಮನ್ನು ದಾಟಿ ಓಡಾಡಕೂಡದು ಎಂದು ಅಪ್ಪಣೆ. ಕಪಾಟಿನ ಹಿಂಬದಿಗೆ ಹಲಗೆ ಹೊಡೆದಿರಲಿಲ್ಲ. ಕಾಣದ ಕಡೆಗೆ ಯಾಕೆ ಮರ ದಂಡ? ಹಾಗಾಗಿ ಅವಳ ಬೆನ್ನಿಗೇ ಪೈಪುಗಳು, ಅವುಗಳಾಚೆ ಪಟ್ಟಿ ಹೊಡೆದ ಆ ಬಾಗಿಲು.

"ಹೆಂಗೈತಿ ಭೀಮಕ್ಕಾ, ಹೊಸ ಮನಿ?" ಎಂದು ನಾನು ಅವಳ ಮಾತಿನಲ್ಲೇ ತಮಾಷೆ ಮಾಡಿದೆ.

"ಚಲೋ ಐತ್ರಿ. ಮ್ಯಾಲಿನವರು ನೀರು ಬಿಟ್ಟರ ನನಗ ಮೊದಲು ಗೊತ್ತಾಗತೈತಿ. ಪೈಪು ಗುರ್ ಅಂತೈತಿ, ಮುದಿ ಬೆಕ್ಕು ಇದ್ದಂಗ."

ಅವಳ ನಗು ಹಾಗೇ ಇತ್ತು, ಕೆನ್ನೆ ಮಾತ್ರ ಒಳಗೆ ಹೋಗಿತ್ತು. ಒಂದು ಮಧ್ಯಾಹ್ನ ಕೈತೊಳೆಯಲು ಹೋದಾಗ ಅವಳು ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದಳು. ಕುಡಿದ ಮೇಲೆ ಮತ್ತೆ ಬೊಗಸೆ ಹಿಡಿದಳು. ಬಾಯಾರಿದವರು ಕುಡಿಯುವ ರೀತಿ ಅದಲ್ಲ.

"ಊಟ ಆಯ್ತಾ?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಎಲ್ಲಿಂದ ಹೋಗಲ್ರಿ ಅಕ್ಕಾರ? ಹಿಂದಿನ ಬಾಗಿಲು ಇಲ್ಲ. ಮುಂದಿನಿಂದ ಹೋಗಬ್ಯಾಡ ಅಂದಾರ."

ಹಲಗೆ ಬಂದಂದಿನಿಂದ ಅವಳು ಮಧ್ಯಾಹ್ನದ ಊಟ ಮಾಡಿರಲಿಲ್ಲ. ನಾನು ಮಹಡಿಗೆ ಓಡಿ ನನ್ನ ತಟ್ಟೆಯನ್ನೇ ತಂದೆ. ಅವಳು ತಟ್ಟೆಯ ಅಂಚನ್ನು ಮೆಲ್ಲಗೆ ನನ್ನ ಕಡೆಗೇ ದೂಡಿದಳು.

"ನಿಮ್ಮ ತಾಟಿಂದು ಬ್ಯಾಡ್ರಿ. ನಿಮ್ಮ ಮನಸು ದೊಡ್ಡದು, ಖರೆ. ಆದರ ನಾ ದುಡದದ್ದು ಹೋಟೆಲ್‌ದಾಗ. ನನ್ನ ಪಾಲು ಅಡಗಿಮನಿಯಿಂದ ಬರಬೇಕು. ಇವತ್ತು ನೀವು ಕೊಟ್ಟರ, ನಾಳೆ ಅದು ದಾನ ಆಗತೈತಿ."

ನಾನು ನೇರವಾಗಿ ಅಡುಗೆಮನೆಗೆ ಹೋದೆ. ದೊಡ್ಡಪ್ಪ ಎಲೆಯ ಮುಂದೆ ಕೂತು ಆಗತಾನೆ ಕೇಳಿದ್ದರು, ಸುಬ್ರಾಯರು ಹಿತ್ತಲಿಗೆ ಇಣುಕಿ ಆಗತಾನೆ "ಆಯ್ತು" ಎಂದಿದ್ದರು.

"ಆಗಿಲ್ಲ," ಎಂದೆ. "ಭೀಮಾಬಾಯಿಯದ್ದು ಆಗಿಲ್ಲ. ಹಲಗೆ ಹೊಡೆದ ಮೇಲೆ ಒಂದು ದಿನವೂ ಆಗಿಲ್ಲ."

ಸುಬ್ರಾಯರ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಎಂತ ಹೇಳ್ತಿ ಸರಸ? ಮೆಟ್ಟಿಲ ಹತ್ತಿರ ಕಾಣ್ಲಿಲ್ಲ ಅಂತ, ಅವಳು ಕೆಲಸ ಬಿಟ್ಟು ಹೋದಳು ಅಂತ ಮಾಡಿದ್ದೆ ನಾನು!"

ದೊಡ್ಡಪ್ಪನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ನೇಮ ಮುರಿದಿತ್ತು, ಅದೂ ಎಷ್ಟೋ ದಿನದಿಂದ. ಈಗ ಎದ್ದುಹೋಗಿ ಆ ಪಟ್ಟಿ ಕೀಳಿಸುತ್ತಾರೆ ಎಂದುಕೊಂಡೆ. ಅವರು ಅನ್ನಕ್ಕೆ ತುಪ್ಪ ಹಾಕಿಕೊಂಡರು.

"ಬಾಗಿಲು ತೆಗೆದರೆ ಆ ಪ್ಯಾನೆಲ್ ಹಾಳು ಮಾರಾಯ್ತಿ. ಬುತ್ತಿ ತಂದುಕೊಳ್ಳಲಿಕ್ಕೆ ಹೇಳು. ಬಿ.ಎ. ಓದಿದವಳಿಗೆ ಅಷ್ಟು ತಿಳಿಯುವುದಿಲ್ಲವಾ?"

ಮರುದಿನ ಎಲೆಯ ಮುಂದೆ ಕೂತವರು ಗಂಟಲು ಸರಿಮಾಡಿಕೊಂಡು ಹೊಸ ಪ್ರಶ್ನೆ ಕೇಳಿದರು: "ಅಡುಗೆಮನೆಯವರದ್ದೆಲ್ಲ ಆಯ್ತಾ?"

ಅಜ್ಜಿಯ ನೇಮಕ್ಕೂ ಅವರು ಹಲಗೆ ಹೊಡೆಸಿದ್ದರು. ಹಿಂದಿದ್ದದ್ದು ಕಾಣಲಿಲ್ಲ, ಮುಂದೆ ಎಲ್ಲ ನೀಟು. ಸುಬ್ರಾಯರು ಉತ್ತರ ಕೊಡಲಿಲ್ಲ. ಸಾರು ಬಡಿಸಿ, ಬೆನ್ನು ತಿರುಗಿಸಿ ಒಲೆಯ ಬೂದಿ ಕೆದಕುತ್ತ ನಿಂತರು. ದೊಡ್ಡಪ್ಪ ಆ ಮೌನವನ್ನೇ "ಆಯ್ತು" ಎಂದುಕೊಂಡು ಉಂಡರು.

ಆ ಸಂಜೆಯೇ ಹಲಗೆ ಉಬ್ಬಿತು. ಒಳಗೆಲ್ಲೋ ಒಂದು ಕೀಲು ಸೋರಿ, ಪ್ಲೈವುಡ್ಡು ನೀರು ಕುಡಿದು, ಅಮೃತಶಿಲೆ ಹಪ್ಪಳದಂತೆ ಮೇಲೆದ್ದಿತು. ಅಡಿಯಿಂದ ನೀರು ಹರಿದು ಫ್ಯಾಮಿಲಿ ರೂಮಿಗೆ ಬಂತು. ಅಲ್ಲಿ ರವಾ ದೋಸೆ ತಿನ್ನುತ್ತಿದ್ದ ಅಧಿಕಾರಿಯ ಹೆಂಡತಿ ಕಾಲು ಮೇಲೆತ್ತಿ ಕೂತರು. ದೊಡ್ಡಪ್ಪ ಒಂದು ಕಡೆ ಅವರಿಗೆ ಕೈಮುಗಿಯುತ್ತ, ಇನ್ನೊಂದು ಕಡೆ ಪ್ಲಂಬರನ್ನು ಕೂಗುತ್ತ ಓಡಾಡಿದರು.

ಪ್ಲಂಬರು ಹಸಿರು ಹಲಗೆಯ ಮುಂದೆ ನಿಂತು ತಲೆ ಕೆರೆದುಕೊಂಡ. "ಮೊದಲಾಳಿ, ಪೈಪು ಎಂಗೆ?"

ಧಣಿ, ಪೈಪು ಎಲ್ಲಿ ಎಂದು ಅವನು ತಮಿಳಿನಲ್ಲಿ ಕೇಳಿದ್ದು. ಯಾವ ಪೈಪನ್ನು ತೋರಿಸಲು ಒಂದು ಕಾಲದಲ್ಲಿ ಊರವರನ್ನೆಲ್ಲ ಎಳೆದುಕೊಂಡು ಬರುತ್ತಿದ್ದರೋ, ಆ ಪೈಪು ಎಲ್ಲಿದೆಯೆಂದು ಹೇಳಲು ದೊಡ್ಡಪ್ಪನಿಗೇ ಬರಲಿಲ್ಲ. ಕಪಾಟಿನೊಳಗಿಂದ ಭೀಮಾಬಾಯಿ "ನನ್ನ ಬೆನ್ನಿಗೆ ಸುರೀತೈತಿ ನೋಡ್ರಿ" ಎಂದಳು.

ಪ್ಲಂಬರು ಉಳಿ ಎತ್ತಿದ. "ಮುಟ್ಟಬೇಡ!" ಎಂದು ದೊಡ್ಡಪ್ಪ ಹಲಗೆಗೆ ಅಡ್ಡ ನಿಂತರು. "ಮುಂದಿನಿಂದ ಒಂದು ಗೀರೂ ಬೀಳಬಾರದು. ಎಂತದು ಮಾಡುವುದಿದ್ದರೂ ಹಿತ್ತಲಿನಿಂದ ಮಾಡು."

ಪ್ಲಂಬರು ಹಿತ್ತಲಿಗೆ ಹೋದ. ಪಟ್ಟಿ ಹೊಡೆದ ಹಳೆಯ ಬಾಗಿಲಿನ ಕೆಳಗಿನ ಹಲಗೆಯೊಂದನ್ನು ಮೀಟಿ ಕಿತ್ತ. ಅಡುಗೆಮನೆಯ ಲಾಟೀನು ಹಿಡಿದು ನಿಂತಿದ್ದವರು ಸುಬ್ರಾಯರು, ಅವರ ಪಕ್ಕದಲ್ಲಿ ನಾನು. ಬೆಳಕು ಒಳಗೆ ಬಿತ್ತು. ಎರಡು ಪೈಪುಗಳು, ಅವುಗಳ ನಡುವೆ ಒಂದು ಸ್ಟೂಲಿನ ಕಾಲು, ಒದ್ದೆ ಸೀರೆಯ ಅಂಚು, ಹಿಮ್ಮಡಿ ಒಡೆದ ಎರಡು ಪಾದ.

"ಭೀಮಾಬಾಯಿ," ಎಂದರು ಸುಬ್ರಾಯರು. ಅವರ ದನಿ ಬಹಳ ಸಣ್ಣದಾಗಿತ್ತು. "ಇದರೊಳಗೆ ಕೂತದ್ದಾ ನೀನು?"

"ಹೂಂ ರೀ ಭಟ್ರ." ಪಾದಗಳು ತುಸು ಹಿಂದೆ ಸರಿದವು, ಸೀರೆಯ ಅಂಚನ್ನು ಒಳಗೆಳೆದುಕೊಂಡವು. "ದೀಪ ದೂರ ಹಿಡೀರಿ, ನೀರು ಸಿಡೀತೈತಿ."

ಸುಬ್ರಾಯರು ದೀಪವನ್ನು ದೂರ ಹಿಡಿಯಲಿಲ್ಲ. ಪ್ಲಂಬರು ಕೀಲು ಬಿಗಿದ. ನಾರು, ಸಫೇದ, ಅದೇ ಹಳೆಯ ವಾಸನೆ. ಮುಂದಿನ ಹಲಗೆಗೆ ಗೀರು ಬೀಳಲಿಲ್ಲವೆಂದು ದೊಡ್ಡಪ್ಪ ಎಷ್ಟು ಹಿಗ್ಗಿದರೆಂದರೆ, ಇನ್ನೊಮ್ಮೆ ಸೋರಿದರೆ ಬೇಕಾದೀತು ಎಂದು ಕಿತ್ತ ಹಲಗೆಗೆ ತಿರುಗಣಿ ಹಾಕಿಸಿ ಚಿಲಕ ಇಡಿಸಿದರು. ಹಿತ್ತಲಲ್ಲಿ ಏನಿದ್ದರೇನು, ಗಿರಾಕಿಗಳಿಗೆ ಕಾಣುವುದಿಲ್ಲವಲ್ಲ. ಉಬ್ಬಿದ ಕಡೆ ತಿರುಮಲೇಶ ಒಂದು ಕನ್ನಡಿ ಹೊಡೆದು ಹೋದ. ಅದರಲ್ಲಿ ಎಲ್ಲರ ಮುಖವೂ ಸೊಟ್ಟ.

ಮರುದಿನ ಮಧ್ಯಾಹ್ನ ದೊಡ್ಡಪ್ಪ ಎಲೆಯ ಮುಂದೆ ಕೂತರು. ಅನ್ನ, ತೊವ್ವೆ, ಪಲ್ಯ ಬಿದ್ದಿತ್ತು. "ಅಡುಗೆಮನೆಯವರದ್ದೆಲ್ಲ ಆಯ್ತಾ?"

"ಇಲ್ಲ," ಎಂದರು ಸುಬ್ರಾಯರು. "ಒಬ್ಬರದ್ದು ಬಾಕಿ ಉಂಟು."

ಬೆಳಗಿನಿಂದ ಮಡಿಯಲ್ಲಿದ್ದ ಮನುಷ್ಯ. ಬಾತ್‌ರೂಮಿನ ಕಡೆಗೆ ಹೋಗಿ ಬಂದರೆ ಮತ್ತೆ ಮಿಂದೇ ಒಲೆ ಮುಟ್ಟಬೇಕು, ಸಂಜೆಯ ತಿಂಡಿಯ ಕೆಲಸ ಬೆಟ್ಟದಷ್ಟಿತ್ತು. ಅವರು ಬಾಳೆಲೆಯೊಂದನ್ನು ತೊಳೆದು ತಟ್ಟೆಗೆ ಹಾಸಿದರು. ಅನ್ನ ಬಡಿಸಿ ಗುಳಿ ಮಾಡಿ ಹುಳಿ ಹೊಯ್ದರು. ಪಲ್ಯ ಬಡಿಸಿ, ಹಪ್ಪಳ ನೆನೆಯದಂತೆ ಅಂಚಿಗಿಟ್ಟರು.

"ಸುಬ್ರಾಯ, ನನ್ನ ಅನ್ನ ಆರ್ತದೆ," ಎಂದರು ದೊಡ್ಡಪ್ಪ.

ಸುಬ್ರಾಯರು ತಟ್ಟೆ ಹಿಡಿದು ಹಿತ್ತಲು ದಾಟಿದರು. ದೊಡ್ಡಪ್ಪನ ಕೈ ಎಲೆಯ ಮೇಲೆ ಚಾಚಿದ್ದು ಹಾಗೇ ಉಳಿಯಿತು. ಅಜ್ಜಿಯ ನೇಮವನ್ನು ಸುತ್ತಿ ಬಳಸಿ ಹೋಗಬಹುದಿತ್ತು, ಕಣ್ಣೆದುರೇ ನಡೆದು ಹೋಗುವ ತಟ್ಟೆಯನ್ನು ಹಾಗೆ ಮಾಡಲಾಗಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಸುಬ್ರಾಯರು ಒದ್ದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಚಿಲಕ ತೆಗೆದರು. ತಟ್ಟೆಯನ್ನು ತುಸು ಓರೆ ಮಾಡಿ, ಹುಳಿ ಚೆಲ್ಲದಂತೆ ಎರಡು ಪೈಪುಗಳ ನಡುವಿನಿಂದ ಒಳಕ್ಕೆ ಚಾಚಿದರು. ಒಳಗಿನಿಂದ ಎರಡು ಕೈ ಬಂದು ಅದನ್ನು ತೆಗೆದುಕೊಂಡವು.