ಗೇಟಿನ ಮುಂದೆ ನೀಲಿ ಕಾರು

ಅಮೆರಿಕದ ಫ್ಲಿಂಟ್ ಊರಿನ ಕಾರು ಎಂಜಿನ್ ಕಾರ್ಖಾನೆ ಎರಡನೆಯ ಪಾಳಿಯನ್ನೇ ರದ್ದುಮಾಡಿದ ದಿನ, ಯೂನಿಯನ್ನಿನವರು ಎಲ್ಲಿಂದಲೋ ಒಂದು ಗುಜರಿ ಜಪಾನಿ ಕಾರನ್ನು ಎಳೆತಂದು ಗೇಟಿನೆದುರಿನ ಬಯಲಲ್ಲಿ ನಿಲ್ಲಿಸಿದರು. ಪಕ್ಕದಲ್ಲಿ ಒಂದು ಪೀಪಾಯಿ ಬಿಯರು, ಒಂದೆರಡು ದೊಡ್ಡ ಸುತ್ತಿಗೆ. ಕೆಲಸ ಹೋದವರು ಒಬ್ಬೊಬ್ಬರಾಗಿ ಬಂದು ಹೊಟ್ಟೆಯುರಿ ತೀರಿಸಿಕೊಂಡರು.

ವರ್ಲಿನ್ ಸ್ಟೋಕ್ಸ್ ಹೊಡೆದ ಏಟಿಗೆ ಬಾನೆಟ್ಟು ತಗ್ಗುಬಿತ್ತು. ಅರ್ಕನ್ಸಾದಿಂದ ಹರೆಯದಲ್ಲೇ ಬಂದು ಈ ಗೇಟು ಹೊಕ್ಕವನು ಅವನು. ಬೇರೆ ಕಸುಬು ಕಂಡವನಲ್ಲ.

"ಇನ್ನೊಂದು ಬಿಡೋ! ನಮ್ಮ ತುತ್ತು ಕಿತ್ಕೊಂಡಿದ್ದು ಈ ಜಪಾನಿ ಗಾಡಿಗಳೇ ಕಣೋ!" ಎಂದು ಕೂಗಿದ ಡ್ವೇನ್ ಪ್ರೂಯಿಟ್. ಪಕ್ಕದ ಮನೆಯವನು, ಪಕ್ಕದ ಯಂತ್ರದವನು. ವರ್ಲಿನ್ ಇನ್ನೊಂದು ಬಿಟ್ಟ. ಎದೆ ಹಗುರಾಯಿತು.

ಬೆಳಗ್ಗೆ ಅವನ ಲಾರಿಯಂಥ ಅಮೆರಿಕನ್ ಗಾಡಿ ದಾರಿಯಲ್ಲೇ ಕೈಕೊಟ್ಟಿತ್ತು. ಕರೆದೊಯ್ಯಲು ಬರುತ್ತೇನೆಂದು ಮಗಳು ಡಾರ್ಲಾ ಹೇಳಿದ್ದನ್ನು ಬಿಯರಿನ ಗದ್ದಲದಲ್ಲಿ ಅವನು ಮರೆತೇಬಿಟ್ಟಿದ್ದ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳು ಮೊನ್ನೆಯಷ್ಟೇ ಕೊಂಡದ್ದು ಒಂದು ಹಳೆಯ ಜಪಾನಿ ಕಾರು, ನೀಲಿಯದು.

ಅದು ತಿರುವಿನಲ್ಲಿ ಕಂಡದ್ದೇ ತಡ, ಜನ ಮುತ್ತಿಕೊಂಡರು. ಕಾರನ್ನು ಹಿಡಿದು ತೊಟ್ಟಿಲಿನಂತೆ ಅಲ್ಲಾಡಿಸಿದರು. ಡಾರ್ಲಾ ಗಾಜು ಏರಿಸಿಕೊಂಡು ಹಾರನ್ ಒತ್ತುತ್ತಲೇ ಇದ್ದಳು.

"ಬಿಡ್ರೋ! ನನ್ನ ಮಗಳು ಕಣ್ರೋ ಅದು!" ವರ್ಲಿನ್ ಜನರನ್ನು ಸೀಳಿಕೊಂಡು ನುಗ್ಗಿದ. ಅಷ್ಟರಲ್ಲಿ ಡ್ವೇನನ ಸುತ್ತಿಗೆ ಪಕ್ಕದ ಗಾಜಿಗೆ ಬಿದ್ದಿತ್ತು. ಒಳಗಿನಿಂದ ಚೀತ್ಕಾರ. ಮುಖ ಮುಚ್ಚಿಕೊಂಡ ಮಗಳ ಬೆರಳ ಸಂದಿಯಿಂದ ರಕ್ತ ಬಿಳಿ ಸಮವಸ್ತ್ರದ ಮೇಲೆ ಸುರಿಯುತ್ತಿತ್ತು.

ವರ್ಲಿನ್ ಹತ್ತಿರ ನಿಂತಿದ್ದವನೊಬ್ಬನ ಕೈಯಿಂದ ಇನ್ನೊಂದು ಸುತ್ತಿಗೆ ಕಸಿದುಕೊಂಡ. ಡ್ವೇನನ ಬಲಗೈ ಕಾರಿನ ಟಾಪಿನ ಮೇಲಿತ್ತು. ಅದರ ಮೇಲೇ ಬಾರಿಸಿದ. ಮೂಳೆ ಪುಡಿಯಾದ ಸದ್ದು ಎಲ್ಲರಿಗೂ ಕೇಳಿಸಿತು. ಬಿದ್ದವನ ಭುಜಕ್ಕೆ ಮತ್ತೊಂದು. ತಲೆಗೆ ಎತ್ತಿದ್ದನ್ನು ಗೇಟಿನ ಕಾವಲಿನಿಂದ ಓಡಿಬಂದ ಪೊಲೀಸರ ಲಾಠಿ ತಡೆಯಿತು.

ಡಾರ್ಲಾಳ ಎಡಗಣ್ಣು ಹೋಯಿತು. ಡ್ವೇನನ ಮೇಲೆ ಅವಳು ದೂರು ಕೊಡಲಿಲ್ಲ; ವರ್ಲಿನ್ ಚಳಿಗಾಲವನ್ನೆಲ್ಲ ಜೈಲಿನಲ್ಲಿ ಕಳೆದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಮಗಳು ನೋಡಲು ಬಂದಳು.

"ಕಾರಿಗೆ ಗಾಜು ಹಾಕಿಸ್ದೆ," ಎಂದಳು.

"ಅದನ್ನ ಮಾರಿಬಿಡೇ ಮಗಳೇ."

"ಯಾಕೆ? ಅದೇನು ಮಾಡ್ತು? ಆ ಗುಜರಿ ಕಾರಿಗೆ ನೀನೂ ಹೊಡೆದ್ಯಂತಲ್ಲಪ್ಪಾ. ಅದರೊಳಗೆ ಯಾರೂ ಇರ್ಲಿಲ್ಲ, ಅಷ್ಟೇ."

ವರ್ಲಿನ್ ತಲೆ ತಗ್ಗಿಸಿದ.

ಬಿಡುಗಡೆಯಾಗಿ ಬರುವಷ್ಟರಲ್ಲಿ ಕಾರ್ಖಾನೆಗೆ ಪೂರ್ತಿ ಬೀಗ ಬಿದ್ದಿತ್ತು. ಅವನು ಮನೆಗೂ ಹೋಗದೆ ನೇರ ಡ್ವೇನನ ಬಾಗಿಲು ತಟ್ಟಿದ. ಬಾಗಿಲು ತೆರೆದ ಡ್ವೇನನ ಬಲಗೈ ಒಣಗಿದ ಕೊಂಬೆಯಂತೆ ಸೊಟ್ಟಗಿತ್ತು. ಅವನು ಎಡಗೈಯಿಂದ ವರ್ಲಿನನ ಬಾಯಿಗೆ ಗುದ್ದಿದ. ವರ್ಲಿನ್ ಕೈ ಎತ್ತಲಿಲ್ಲ. ಇನ್ನೊಂದು ಗುದ್ದಿಗೆ ಮೆಟ್ಟಿಲ ಮೇಲೆ ಉರುಳಿದ. ಡ್ವೇನನ ಹೆಂಡತಿ ಓಡಿಬಂದು ಗಂಡನ ಸೊಂಟ ಹಿಡಿದು ಎಳೆಯುವವರೆಗೂ ಏಟು ಬೀಳುತ್ತಲೇ ಇದ್ದವು.

ಕೊನೆಗೆ ಡ್ವೇನ್ ಏದುಸಿರು ಬಿಡುತ್ತ ಪಕ್ಕದಲ್ಲೇ ಕುಸಿದು ಕೂತ.

"ಅವಳು ಅಂತ ಗೊತ್ತಿರ್ಲಿಲ್ಲ ಕಣೋ. ದೇವರಾಣೆ."

"ಗೊತ್ತು."

ಡ್ವೇನ್ ಅಳುತ್ತಿದ್ದ. "ನಮ್ಮ ರಸೆಲ್ ಟೆನೆಸೀಗೆ ಹೋದ. ಅಲ್ಲಿ ಜಪಾನಿಯೋರು ಕಾರ್ಖಾನೆ ತೆಗೆದಿದಾರೆ. ನನ್ನ ಮಗ, ಅವರ ಗಾಡಿ ಕಟ್ತಾನೆ!"

"ಸಂಬಳ ಕೊಡ್ತಾರಾ?"

"ಸರಿಯಾಗಿ ಕೊಡ್ತಾರೆ. ಕೆಲಸ ಶುರು ಮಾಡೋಕ್ ಮುಂಚೆ ಎಲ್ಲರ ಹತ್ರ ಕಸರತ್ತು ಮಾಡಿಸ್ತಾರಂತೆ."

ವರ್ಲಿನ್ ನಕ್ಕುಬಿಟ್ಟ. ಒಡೆದ ತುಟಿ ಇನ್ನಷ್ಟು ಬಿರಿದು, ಗದ್ದದ ಮೇಲೆ ರಕ್ತ ಇಳಿಯಿತು. ಡ್ವೇನನ ಹೆಂಡತಿ ಒದ್ದೆ ಬಟ್ಟೆ ತಂದು ವರ್ಲಿನನ ಕೈಗಿತ್ತಳು.